ಕಂಪ್ಯೂಟರ್‌ನಲ್ಲಿ ಮನೆ ನೋಡಿ ಅಡ್ವಾನ್ಸ್ ಕೊಡಬೇಡಿ

2,40,000 ರೂಪಾಯಿ ಹೋಗಿದೆ. ಕೈಗೆ ಬಂದಿದ್ದು ನಾಲ್ಕು ನಿಮಿಷದ ಒಂದು ವಿಡಿಯೋ, ಹನ್ನೊಂದು ಚಿತ್ರ. ಸೈಟಿನಲ್ಲಿ ಒಂದು ಬುಟ್ಟಿ ಮಣ್ಣು ಸಹ ಎತ್ತಿಲ್ಲ. ಬರೆಯೋಕೆ ನಾಚಿಕೆ ಆಗುತ್ತದೆ. ಆದರೆ ಹೋದ ವಾರ ಆಫೀಸಿನಲ್ಲಿ ಒಬ್ಬರು ಅದೇ ಥರದ ವಿಡಿಯೋ ತೋರಿಸಿ "ಬುಕ್ ಮಾಡ್ತಿದ್ದೀನಿ" ಅಂದರು. ಆಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ಹುಬ್ಬಳ್ಳಿಯಲ್ಲಿ ನಮ್ಮದು 30-40 ಸೈಟು. ಬೆಂಗಳೂರಿನ ಒಂದು ಕಂಪನಿಯವರು ಬಂದರು. ಗೋಡೆ, ಸ್ಲ್ಯಾಬ್ ಎಲ್ಲ ಫ್ಯಾಕ್ಟರಿಯಲ್ಲಿ ಅಚ್ಚು ಹೊಯ್ದು ತಂದು ಜೋಡಿಸುವ ಪ್ರೀಕಾಸ್ಟ್ ಮನೆ, ಮೂರು ತಿಂಗಳಲ್ಲಿ ಗೃಹಪ್ರವೇಶ ಅಂದರು. ಬೆಂಗಳೂರಿನ ಹಲಸೂರಿನಲ್ಲಿ 2023ರಲ್ಲಿ ಶುರುವಾದ ಪೋಸ್ಟ್ ಆಫೀಸ್ ತೋರಿಸಿದರು. ಚೆನ್ನೈನ ಪೆರುಂಬಾಕ್ಕಂನಲ್ಲಿ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಕಟ್ಟಿದ 1,152 ಮನೆಗಳನ್ನು ತೋರಿಸಿದರು. ಎರಡೂ ನಿಜವೇ. ಆದರೆ ಪೋಸ್ಟ್ ಆಫೀಸ್ ತ್ರೀಡಿ ಪ್ರಿಂಟ್ ಮಾಡಿದ್ದು, ಮಷೀನು ಪದರದ ಮೇಲೆ ಪದರ ಕಾಂಕ್ರೀಟ್ ಹಾಕಿ ಕಟ್ಟಿದ್ದು. ಇವರ ಪ್ಯಾನೆಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಚೆನ್ನೈದು ಪ್ರೀಕಾಸ್ಟ್ ಹೌದು, ಆದರೆ ಅಲ್ಲಿ ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ತೆಗೆದ ಮನೆಗಳು, ಕ್ರೇನ್ ಓಡಾಡೋಕೆ ಜಾಗ. ನಮ್ಮದು ಓಣಿಯೊಳಗೆ ಒಂದೇ ಒಂದು ಮನೆ. ಇದೆಲ್ಲ ದುಡ್ಡು ಕೊಟ್ಟ ಮೇಲೆ ತಿಳಿದುಕೊಂಡಿದ್ದು.

ಆಮೇಲೆ ಅವ್ವನ ಕಣ್ಣಿಗೆ ವಿಆರ್ ಹೆಡ್‌ಸೆಟ್ ಕಟ್ಟಿದರು. ಅದನ್ನು ಹಾಕಿಕೊಂಡರೆ ಕಂಪ್ಯೂಟರ್‌ನ ಮನೆಯೊಳಗೇ ನಿಂತ ಹಾಗೆ ಕಾಣುತ್ತದೆ. ಅವ್ವ ಕುರ್ಚಿಯಿಂದ ಎದ್ದು, ಕೈ ಚಾಚಿ, ಗಾಳಿಯಲ್ಲೇ ಅಡುಗೆಕಟ್ಟೆ ಸವರಿದಳು. "ಕಟ್ಟಿ ಎತ್ತರ ಬರೋಬ್ಬರಿ ಐತಿ" ಅಂದಳು. ನಾನು ಅವತ್ತೇ ಸಂಜೆ ದುಡ್ಡು ಹಾಕಿದೆ. ಅವತ್ತೇ!

ಭೂಮಿಪೂಜೆಗೆ ಸೈಟು ಚೊಕ್ಕ ಮಾಡೋಕೆ ನಮ್ಮ ಗೌಂಡಿ ಬಂದಿದ್ದರು. ನನ್ನ ಮೊಬೈಲಿನಲ್ಲಿ ಪ್ಲ್ಯಾನ್ ನೋಡಿದರು, ಏನೂ ಅನ್ನಲಿಲ್ಲ. ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಹಿಂದಕ್ಕೆ ನಡೆದರು. ಮುಂದೆ 30 ಅಡಿ ಸರಿಯಾಗಿತ್ತು. ಹಿಂದೆ 28 ಅಡಿ 7 ಇಂಚು. ಪಕ್ಕದಲ್ಲಿ ಬಿಡಬೇಕಾದ ಮೂರಡಿ ಜಾಗದಲ್ಲಿ ಅರ್ಧಕ್ಕರ್ಧ ಹೋಯಿತು.

"ಸರ್, ಇವ್ರು ಜಾಗಾ ಅಳತಿ ಮಾಡ್ಯಾರೇನ್ರಿ?"

ನನ್ನ ಬಾಯಿಂದ ಮಾತು ಬರಲಿಲ್ಲ. ಯಾರೂ ಅಳತೆ ಮಾಡಿರಲಿಲ್ಲ. ಒಬ್ಬರೂ ಸೈಟಿಗೆ ಕಾಲಿಟ್ಟಿರಲಿಲ್ಲ. ಉತಾರದಲ್ಲಿ, ಅಂದರೆ ಸೈಟಿನ ದಾಖಲೆ ಕಾಗದದಲ್ಲಿ, ಇದ್ದ 30-40 ನೋಡಿ ಕಂಪ್ಯೂಟರ್‌ನಲ್ಲಿ ಒಂದು ಚೌಕ ಹಾಕಿ, ಅದರ ಮೇಲೆ ಮನೆ ನಿಲ್ಲಿಸಿದ್ದರು. ಅದಕ್ಕೆ "ಡಿಜಿಟಲ್ ಪ್ಲ್ಯಾನಿಂಗ್ ಚಾರ್ಜ್" ಅಂತ ಬಿಲ್ಲು.

ಇಟ್ಟಿಗೆ ಗೋಡೆ ಆಗಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಕಟ್ಟುವಾಗಲೇ ಗೌಂಡಿ ಸರಿಮಾಡಿಕೊಳ್ಳುತ್ತಾರೆ. ಅಚ್ಚಿನಿಂದ ಬಂದ ಪ್ಯಾನೆಲ್ ಹಾಗಲ್ಲ. ಕಿಟಕಿ, ಬಾಗಿಲು, ಸ್ವಿಚ್‌ಬೋರ್ಡಿನ ಪೈಪು ಎಲ್ಲ ಅದರೊಳಗೇ ಕೂತು ಬರುತ್ತದೆ. ಆಮೇಲೆ ಬದಲಿಸೋ ಹಾಗಿಲ್ಲ. ಅದಕ್ಕೇ ಈ ಪದ್ಧತಿಯಲ್ಲಿ ಮೊದಲು ಸೈಟು ಅಳೆಯಬೇಕು, ಮಣ್ಣು ನೋಡಬೇಕು, ಆಮೇಲೆ ಕಂಪ್ಯೂಟರ್‌ನಲ್ಲಿ ಮನೆಯ ಮಾಡೆಲ್. ಇವರು ಮಾಡೆಲ್ ಮೊದಲು ಮಾರಿದರು.

ಫೋನ್ ಮಾಡಿದೆ. "ಸರ್, ಅದು ಕಾನ್ಸೆಪ್ಟ್ ಮಾಡೆಲ್ ಅಷ್ಟೆ" ಅಂದರು. ಕಾನ್ಸೆಪ್ಟ್! ದುಡ್ಡು ತಗೊಳ್ಳುವಾಗ "ಇಂಚು ಇಂಚೂ ಹೀಗೇ ಬರುತ್ತೆ" ಅಂದಿದ್ದವರು ಇವರೇ ಅಲ್ವಾ?

ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಪಾಯ ಒಂದು ಕಡೆ ಎದ್ದು ಒಂದು ಕಡೆ ಕೂತರೆ ಪ್ಯಾನೆಲ್ ಜೋಡಿಸಿದ ಜಾಗವೇ ಬಾಯಿ ಬಿಡುತ್ತದೆ. ಇಲ್ಲಿಯ ಎಂಜಿನಿಯರ್ ಒಬ್ಬರು ನೋಡಿ, ಅಂಡರ್-ರೀಮ್ಡ್ ಪೈಲ್ (ನೆಲ ಆಳಕ್ಕೆ ಕೊರೆದು, ಬುಡದ ಕಡೆ ಅಗಲ ಮಾಡಿ ಹೊಯ್ಯುವ ಕಾಂಕ್ರೀಟ್ ಕಂಬ) ಹಾಕಬೇಕಾಗಬಹುದು, ಮಣ್ಣು ಪರೀಕ್ಷೆ ಮಾಡಿಸದೆ ಹೇಳೋಕೆ ಬರಲ್ಲ ಅಂದರು. ಕಂಪನಿಯವರನ್ನು ಕೇಳಿದರೆ, "ಸಾಯಿಲ್ ಟೆಸ್ಟ್ ಕ್ಲೈಂಟ್ ಸ್ಕೋಪ್ ಸರ್, ಅಗ್ರಿಮೆಂಟ್‌ನಲ್ಲಿದೆ." ಅಂದರೆ ಮಣ್ಣು ಪರೀಕ್ಷೆ ನಾನೇ ಮಾಡಿಸಬೇಕಂತೆ. ತೆಗೆದು ನೋಡಿದೆ. ಹೌದು, ಆರನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇದೆ.

ಓಣಿ 15 ಅಡಿ, ತಿರುವಿನಲ್ಲಿ ಕರೆಂಟ್ ಕಂಬ, ಮೇಲೆ ತಂತಿ. ಪ್ಯಾನೆಲ್ ತರೋ ಟ್ರೇಲರ್, ಕ್ರೇನ್ ಹೇಗೆ ಬರುತ್ತದೆ ಅಂತ ಕೇಳಿದೆ. "ಕಂಬ ನೀವು ಶಿಫ್ಟ್ ಮಾಡಿಸಿಕೊಡಿ ಸರ್." ವಿಡಿಯೋದಲ್ಲಿ ಕಂಬವೂ ಇಲ್ಲ, ಓಣಿಯೂ ಇಲ್ಲ. ಮನೆ ಸುತ್ತ ಹಸಿರು ಹುಲ್ಲು.

ಕೊನೆಗೆ, ಆ ಮಾಡೆಲ್ ಫೈಲಾದರೂ ಕೊಡಿ, ಇಲ್ಲಿಯವರ ಹತ್ತಿರ ತಿದ್ದಿಸಿಕೊಳ್ತೀನಿ ಅಂದೆ. "ಅದು ಕಂಪನಿ ಪ್ರಾಪರ್ಟಿ, ಶೇರ್ ಮಾಡೋಕೆ ಬರಲ್ಲ." ದುಡ್ಡು ವಾಪಸ್ ಕೇಳಿದ್ದಕ್ಕೆ, "ಡಿಸೈನ್ ಸ್ಟೇಜ್ ಮುಗಿದಿದೆ ಸರ್, ನಾನ್ ರಿಫಂಡೆಬಲ್." ಈಗ ವಾಟ್ಸಾಪ್‌ನಲ್ಲಿ ನೀಲಿ ಗೆರೆ ಬೀಳುತ್ತದೆ, ಉತ್ತರ ಬರಲ್ಲ.

ಪ್ರೀಕಾಸ್ಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಸೈಟಿನ ನಾಲ್ಕೂ ಮೂಲೆ ಅಳೆಸದೆ, ಮಣ್ಣಿನ ರಿಪೋರ್ಟ್ ಕೈಗೆ ಬರದೆ, ಟ್ರೇಲರ್ ಬರೋ ದಾರಿಯನ್ನು ಅವರೇ ಬಂದು ನೋಡದೆ ಒಂದು ರೂಪಾಯಿ ಕೊಡಬೇಡಿ. ಡ್ರಾಯಿಂಗ್ ಫೈಲ್ ನಿಮಗೆ ಕೊಡಬೇಕು ಅಂತ ಬರೆಸಿಕೊಳ್ಳಿ. ಬರಿ ವಿಡಿಯೋ ನೋಡಿ ಕೊಡಬೇಡಿ, ದಯವಿಟ್ಟು.

ವಕೀಲರ ಕಡೆಯಿಂದ ನೋಟಿಸ್ ಹೋಗಿದೆ. ಯಾರಾದರೂ ಇಂಥ ಅಗ್ರಿಮೆಂಟ್‌ಗೆ ಸೈನ್ ಹಾಕೋಕೆ ಹೊರಟಿದ್ದರೆ ನನ್ನನ್ನು ಕೇಳಿ. ನನ್ನ ಕಾಗದ ತೋರಿಸುತ್ತೇನೆ, ಆರನೇ ಪುಟ ಸಮೇತ.