ನೊಸ್ಫೆರಾಟು: ಮೂರು ಪ್ರತಿಗಳಲ್ಲಿ ಯಾವುದನ್ನು ನೋಡಬೇಕು?

ಮುರ್ನೌ ನಿರ್ದೇಶನದ 1922ರ ಮೂಕಿ ಚಿತ್ರ ‘ನೊಸ್ಫೆರಾಟು’ ನೋಡುವ ಮನಸ್ಸಿದ್ದರೆ ಬಣ್ಣದ ಛಾಯೆ ಇರುವ ಪ್ರತಿಯನ್ನೇ ಹುಡುಕಿ. ನೆಟ್‌ನಲ್ಲಿ ಪುಕ್ಕಟೆ ಸಿಗುವ ಕಪ್ಪುಬಿಳುಪು ಪ್ರತಿ, ಅಗ್ಗದ ಡಿವಿಡಿ, ಜರ್ಮನಿಯ ಮುರ್ನೌ ಪ್ರತಿಷ್ಠಾನ 2005–06ರಲ್ಲಿ ದುರಸ್ತಿ ಮಾಡಿಸಿದ ಪ್ರತಿಯ ಬ್ಲೂರೇ, ಈ ಮೂರನ್ನೂ ನೋಡಿದ ಮೇಲೆ ನನ್ನ ಒಲವು ಪೂರ್ತಿ ಕೊನೆಯದರ ಕಡೆಗೆ.

ಕಾರಣ ರಾತ್ರಿಗಳು. ಆಗಿನ ಫಿಲ್ಮಿಗೆ ಬೆಳಕು ವಿಪರೀತ ಬೇಕಿತ್ತು. ಹೊರಾಂಗಣದಲ್ಲಿ ನಿಜವಾದ ಕತ್ತಲಲ್ಲಿ ಚಿತ್ರೀಕರಿಸಲು ಆಗುತ್ತಿರಲಿಲ್ಲ. ಹಾಗಾಗಿ ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ತೆಗೆದು, ಪ್ರಿಂಟಿನ ಆ ಭಾಗಗಳನ್ನು ಬಣ್ಣದ ದ್ರಾವಣದಲ್ಲಿ ಅದ್ದುತ್ತಿದ್ದರು. ಹೊರಗಿನ ರಾತ್ರಿಗೆ ನೀಲಿ, ದೀಪ ಹಚ್ಚಿದ ಕೋಣೆಗೆ ಹಳದಿ, ಬೆಳಗಿನ ಜಾವಕ್ಕೆ ನಸುಗೆಂಪು. ಬಣ್ಣ ಇದ್ದದ್ದು ಪ್ರಿಂಟಿನಲ್ಲಿ ಮಾತ್ರ. ಮುಂದೆ ಅದನ್ನು ಕಪ್ಪುಬಿಳುಪು ಫಿಲ್ಮಿಗೆ ನಕಲು ಮಾಡಿದಾಗ ಅದು ಅಲ್ಲಿಗೇ ಹೋಯಿತು.

ಹೋದದ್ದು ಬರೀ ಅಂದವಲ್ಲ, ಕಥೆಯೂ ಕೆಟ್ಟಿತು. ಚಿತ್ರದ ರಕ್ತಪಿಶಾಚಿ ಕೌಂಟ್ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ವಿಸ್ಬೋರ್ಗ್ ಊರೊಳಗೆ ನಡೆಯುತ್ತಾನೆ. ಕಪ್ಪುಬಿಳುಪಿನಲ್ಲಿ ಅದು ನಿಚ್ಚಳ ಹಗಲು. ಕೊನೆಯಲ್ಲಿ ಅದೇ ಓರ್ಲಾಕ್ ಕೋಳಿ ಕೂಗಿದ ಮೇಲೆ ಬಿಸಿಲು ತಾಗಿ ಕರಗಿಹೋಗಬೇಕು! ಇಷ್ಟು ಹೊತ್ತೂ ಬೆಳಕಿನಲ್ಲೇ ಓಡಾಡಿದವನು ಈಗ ಯಾಕೆ ಸತ್ತ ಎಂದು ಹೊಸಬರು ಕೇಳುವುದು ಸಹಜ. ಚಿತ್ರಕ್ಕೆ ಮೂಲವಾದ ಬ್ರಾಮ್ ಸ್ಟೋಕರ್ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ತಿರುಗಾಡುತ್ತಾನೆ. ಬಿಸಿಲಿಗೆ ರಕ್ತಪಿಶಾಚಿ ಸಾಯುವುದು ಈ ಚಿತ್ರ ತಂದ ಕಲ್ಪನೆ, ಆ ಕಲ್ಪನೆಯೇ ಬಣ್ಣದ ಮೇಲೆ ನಿಂತಿದೆ. ನೀಲಿಯಲ್ಲಿ ನೋಡಿದರೆ ಅದೇ ನಡಿಗೆ ಮೈ ನಡುಗಿಸುತ್ತದೆ. ಪ್ಲೇಯರಿನಲ್ಲಿ ಬ್ರೈಟ್‌ನೆಸ್ ಇಳಿಸಿದರೆ ಇದು ಸರಿಹೋಗದು, ಚಿತ್ರ ಮಂಕಾಗುತ್ತದೆಯೇ ಹೊರತು ಬಿಸಿಲಿನ ನೆರಳುಗಳು ಹಾಗೇ ಉಳಿಯುತ್ತವೆ.

ಎರಡನೆಯ ತೊಡಕು ವೇಗ. ದುರಸ್ತಿಯಾದ ಪ್ರತಿ ಸೆಕೆಂಡಿಗೆ 18 ಫ್ರೇಮಿನ ಲೆಕ್ಕದಲ್ಲಿ ಸುಮಾರು 94 ನಿಮಿಷ ಓಡುತ್ತದೆ. ಅದನ್ನೇ 24ರಲ್ಲಿ ಓಡಿಸಿದರೆ 70 ನಿಮಿಷದ ಆಸುಪಾಸಿಗೆ ಮುಗಿಯುತ್ತದೆ, ಎಲ್ಲರೂ ದಡಬಡ ಓಡಾಡುತ್ತಾರೆ. ಓರ್ಲಾಕನ ಗಾಡಿ ಕಾಡಿನಲ್ಲಿ ವಿಚಿತ್ರ ವೇಗದಲ್ಲಿ ಬರುವುದು ಬೇಕೆಂದೇ ಮಾಡಿದ್ದು. ಮಿಕ್ಕವರ ನಡಿಗೆಯೂ ಹಾಗೇ ಆದರೆ ಆ ಗಾಡಿಯ ವಿಶೇಷವೇ ಉಳಿಯುವುದಿಲ್ಲ. ಪುಕ್ಕಟೆ ಪ್ರತಿ ಹೀಗೆ ಓಡುತ್ತಿದ್ದರೆ ವಿಎಲ್‌ಸಿ ಪ್ಲೇಯರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ, ಜೊತೆಗಿರುವ ಸಂಗೀತವನ್ನು ಮ್ಯೂಟ್ ಮಾಡಿ.

ಅಗ್ಗದ ಡಿವಿಡಿಯ ಸಂಗೀತಕ್ಕೂ ದೃಶ್ಯಕ್ಕೂ ಸಂಬಂಧವಿಲ್ಲ. ದುರಸ್ತಿಯಾದ ಪ್ರತಿಯಲ್ಲಿ ಹಾನ್ಸ್ ಎರ್ಡ್‌ಮನ್‌ರ ಮೂಲ ಸಂಗೀತವನ್ನು ಮತ್ತೆ ಕಟ್ಟಿ ಕೂರಿಸಿದ್ದಾರೆ.

ಹಳೆಯ ಇಂಗ್ಲಿಷ್ ಪ್ರತಿಗಳಲ್ಲಿ ಓರ್ಲಾಕ್‌ಗೆ ಡ್ರಾಕುಲಾ ಎಂಬ ಹೆಸರಿರುತ್ತದೆ. ಗಾಬರಿ ಬೇಡ, ಚಿತ್ರ ಅದೇ.

ಒಳ್ಳೆಯ ಪ್ರತಿಯೂ ಚಿತ್ರದ ಕೊರತೆಗಳನ್ನು ಮುಚ್ಚುವುದಿಲ್ಲ. ನಾಯಕ ಹುಟರ್ ಪಾತ್ರದ ನಗು ಅತಿ, ತೋಳಮಾನವ ಎಂದು ತೋರಿಸುವ ಪ್ರಾಣಿ ಪಟ್ಟೆ ಕತ್ತೆಕಿರುಬ. ಆದರೆ ಹಡಗಿನ ಒಡಲಲ್ಲಿ ಓರ್ಲಾಕ್ ಪೆಟ್ಟಿಗೆಯಿಂದ ಮೈ ಬಗ್ಗಿಸದೆ ಸೆಟೆದು ಏಳುವ ಆ ಒಂದು ಶಾಟ್‌ಗೆ ನಾನು ಎಲ್ಲವನ್ನೂ ಕ್ಷಮಿಸುತ್ತೇನೆ.

ಬ್ಲೂರೇ ತರಿಸುವ ಮೊದಲು ರೀಜನ್ (ಡಿಸ್ಕು ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡುತ್ತದೆ ಎಂಬ ಗುರುತು) ನೋಡಿ. ಯುರೋಪಿನ ಡಿಸ್ಕುಗಳು ಸಾಮಾನ್ಯವಾಗಿ ‘ಬಿ’, ಭಾರತ ‘ಸಿ’; ಇಲ್ಲಿ ಕೊಂಡ ಪ್ಲೇಯರಿನಲ್ಲಿ ಲಾಕ್ ಇರುವ ಡಿಸ್ಕು ಓಡದು. ರಾತ್ರಿ ದೀಪ ಆರಿಸಿ ವರ್ಷಕ್ಕೊಮ್ಮೆಯಾದರೂ ಇದನ್ನು ಪೂರ್ತಿ ನೋಡುವ ನನಗೆ ಡಿಸ್ಕಿನ ಖರ್ಚು ಹೊರೆ ಅನಿಸಿಲ್ಲ. ಒಂದೇ ಸಲ ನೋಡುವವರು ದುಡ್ಡು ಹಾಕಬೇಕಿಲ್ಲ. ನೆಟ್‌ನಲ್ಲೇ 90 ನಿಮಿಷ ಮೀರಿದ, ನೀಲಿ–ಹಳದಿ ಛಾಯೆ ಕಾಣುವ ಪ್ರತಿ ಆರಿಸಿಕೊಂಡರೆ ಸಾಕು.