ತೋಟದ ಮನೆಯ ಕಾವಲಿಗೆ ಯಾವ ಕೋವಿ: ಜೋಡಿ ನಳಿಗೆಯೋ, ರಿವಾಲ್ವರೋ?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಲ್ಲಿ ಕೋವಿ ಇರುವುದು ಮಂಗ ಮತ್ತು ಕಾಡುಹಂದಿಯ ಕಾರಣಕ್ಕೆ. ಅಡಿಕೆಗೆ ಒಳ್ಳೆಯ ದರ ಬಂದು, ಅಂಗಳದಲ್ಲಿ ಒಣಗಿಸಿದ ಚಾಲಿಯ ಮೇಲೆ ಕಳ್ಳರ ಕಣ್ಣು ಬೀಳತೊಡಗಿದ ಮೇಲೆ, ಮನೆಯ ಕಾವಲಿಗೂ ಒಂದು ಕೋವಿ ಇರಲಿ ಎನ್ನುವವರು ಹೆಚ್ಚಾಗಿದ್ದಾರೆ. ನಮ್ಮ ಮನೆಯಲ್ಲಿರುವ ಹನ್ನೆರಡು ಬೋರಿನ (ಬೋರೆಂದರೆ ನಳಿಗೆಯ ಒಳಗಲದ ಅಳತೆ) ಜೋಡಿ ನಳಿಗೆ ಕೋವಿಯನ್ನೂ, ಹತ್ತಿರದ ಬಂಧುಗಳಲ್ಲಿರುವ ಮೂವತ್ತೆರಡು ಬೋರಿನ ರಿವಾಲ್ವರನ್ನೂ ಈ ಒಂದೇ ಉದ್ದೇಶದಿಂದ ಹೋಲಿಸಿ ನೋಡಿದರೆ, ನನ್ನ ಮತ ಅನುಮಾನವಿಲ್ಲದೆ ಜೋಡಿ ನಳಿಗೆಯ ಕಡೆಗಿದೆ. ಆದರೆ ಅದಕ್ಕೆ ಜನ ಸಾಮಾನ್ಯವಾಗಿ ಹೇಳುವ ಕಾರಣಗಳನ್ನು ನಾನು ಒಪ್ಪುವುದಿಲ್ಲ.

ಮೊದಲಿಗೆ, ಆಯ್ಕೆಯ ಅರ್ಧ ಭಾಗವನ್ನು 1959ರ ಆಯುಧ ಕಾಯ್ದೆಯೇ ಮುಗಿಸಿಟ್ಟಿದೆ. ರಕ್ಷಣೆಗೆಂದು ಕೇಳುವ, ನಳಿಗೆ ಇಪ್ಪತ್ತು ಇಂಚಿಗಿಂತ ಕಡಿಮೆಯಿಲ್ಲದ, ಒಳಮೈ ನುಣುಪಾದ, ಜೋಡಿ ನಳಿಗೆಯಂಥ ಕೋವಿಗೆ ಹಾಗೂ ಬೆಳೆ ರಕ್ಷಣೆಗೆಂದು ಇಡುವ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ, ನಿರಾಕರಿಸಲು ಕಾಯ್ದೆಯಲ್ಲಿ ಹೇಳಿದ ಕಾರಣಗಳಿಲ್ಲದಿದ್ದರೆ ಪರವಾನಗಿ ಕೊಡಬೇಕೆಂದು ಅದರ 13ನೇ ಕಲಂ ಹೇಳುತ್ತದೆ. ರಿವಾಲ್ವರಿನಂಥವುಗಳಿಗಾದರೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರನ ಮೇಲೇ ಬೀಳುತ್ತದೆ. ಅರ್ಜಿ ಕಾರವಾರದ ಜಿಲ್ಲಾ ದಂಡಾಧಿಕಾರಿಗಳಿಗೆ ಹೋಗಿ, ಪೊಲೀಸ್ ವರದಿ ಬಂದು, ತೀರ್ಮಾನವಾಗುವ ತನಕ ಕಾಯುವುದಂತೂ ಎರಡಕ್ಕೂ ತಪ್ಪಿದ್ದಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಆಯುಧಗಳಿರಬಹುದು; ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ.

ರಿವಾಲ್ವರಿನ ಮೋಹ ಅರ್ಥವಾಗುವಂಥದ್ದೇ. ಕಾನ್ಪುರದಲ್ಲಿ ತಯಾರಾಗುವ ಮೂವತ್ತೆರಡರ ರಿವಾಲ್ವರ್ ಕೈಯಲ್ಲಿ ಅಡಗುತ್ತದೆ, ಆರು ಗುಂಡು ತುಂಬಿಕೊಳ್ಳುತ್ತದೆ. 2014ರಲ್ಲಿ ಮಹಿಳೆಯರಿಗಾಗಿ ಎಂದು ಬಿಡುಗಡೆಯಾದ ‘ನಿರ್ಭೀಕ್’ ಐನೂರು ಗ್ರಾಂ ಮಾತ್ರ ತೂಗುತ್ತಿತ್ತು, ಬೆಲೆ ಆಗಲೇ ಒಂದು ಲಕ್ಷ ಇಪ್ಪತ್ತೆರಡು ಸಾವಿರ. ಆದರೆ ಗಿಡ್ಡ ನಳಿಗೆಯ ಆಯುಧದಲ್ಲಿ ಮಣಿಕಟ್ಟು ಕೂದಲೆಳೆಯಷ್ಟು ಅಲುಗಿದರೂ ಗುರಿ ಎಲ್ಲೋ ಹೋಗುತ್ತದೆ. ಕುದುರೆಯನ್ನು, ಅಂದರೆ ಗುಂಡು ಸಿಡಿಸಲು ಬಡಿಯುವ ಹಿಂಬದಿಯ ಸುತ್ತಿಗೆಯನ್ನು, ಮೊದಲೇ ಎತ್ತಿಕೊಳ್ಳದೆ ಟ್ರಿಗರ್ ಎಳೆದರೆ ಬೆರಳಿಗೆ ಹತ್ತುವ ಬಿಗಿಯೇ ನಳಿಗೆಯ ಮೂತಿಯನ್ನು ಪಕ್ಕಕ್ಕೆ ವಾಲಿಸುತ್ತದೆ. ಖಾಲಿ ರಿವಾಲ್ವರನ್ನು ಗೋಡೆಯ ಮೇಲಿನ ಒಂದು ಗುರುತಿಗೆ ಹಿಡಿದು ನೋಡಿದರೆ ಯಾರಿಗಾದರೂ ಇದು ಗೊತ್ತಾಗುತ್ತದೆ. ಇದನ್ನು ತಿದ್ದಿಕೊಳ್ಳಲು ನಿರಂತರ ಅಭ್ಯಾಸ ಬೇಕು, ಮತ್ತು ಘಟ್ಟದ ಮೇಲಿನ ಕೃಷಿಕನಿಗೆ ಅಂಥ ಅಭ್ಯಾಸ ಮಾಡುವ ಜಾಗವೇ ಸುಲಭದಲ್ಲಿ ಸಿಗದು. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ಚಿಕ್ಕ ಆಯುಧ ತಲೆದಿಂಬಿನ ಕೆಳಗೋ ಕಪಾಟಿನ ಸೀರೆಗಳ ನಡುವೆಯೋ ಸೇರಿಕೊಳ್ಳುತ್ತದೆ, ಮತ್ತು ರಜೆಗೆ ಬಂದ ಮೊಮ್ಮಕ್ಕಳ ಕೈಗೆ ಅದೇ ಮೊದಲು ಸಿಗುತ್ತದೆ.

ಜೋಡಿ ನಳಿಗೆಯ ದೊಡ್ಡ ಗುಣ ಅದರ ಸರಳತೆ. ಮೇಲಿನ ಸನ್ನೆಯನ್ನು ಸರಿಸಿ ಕೋವಿಯನ್ನು ಮಡಚಿದರೆ ಎರಡೂ ನಳಿಗೆಗಳು ಬರಿಗಣ್ಣಿಗೆ ಕಾಣುತ್ತವೆ. ತೋಟಾ (ಮದ್ದು, ಚರೆ ತುಂಬಿದ ಕೊಳವೆ) ಇದೆಯೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಯೇ ಇಲ್ಲ, ಕತ್ತಲಲ್ಲಿಯೂ ಬೆರಳಾಡಿಸಿ ತಿಳಿಯಬಹುದು. ಐದಾರು ತೋಟಾ ಹಿಡಿಯುವ, ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಪಂಪ್ ಆಕ್ಷನ್ ಕೋವಿಯನ್ನು ಕೆಲವರು ಹೊಗಳುತ್ತಾರೆ, ಆದರೆ ಗಾಬರಿಯಲ್ಲಿ ಪಂಪನ್ನು ಅರ್ಧಕ್ಕೇ ನಿಲ್ಲಿಸಿದರೆ ತೋಟಾ ಸಿಕ್ಕಿಕೊಳ್ಳುತ್ತದೆ, ಒಳಗೆ ಎಷ್ಟು ಉಳಿದಿದೆಯೆಂಬುದೂ ಹೊರಗೆ ಕಾಣದು. ಹೊಸದಾಗಿ ಕೊಳ್ಳುವವರು ಕುದುರೆಗಳು ಹೊರಗೆ ಕಾಣುವ ಮಾದರಿಯನ್ನು ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎತ್ತಿದೆಯೋ ಇಳಿದಿದೆಯೋ ಎಂಬುದು ಮನೆಯ ಎಲ್ಲರಿಗೂ ದೂರದಿಂದಲೇ ತಿಳಿಯುತ್ತದೆ.

ದೋಷಗಳೂ ಕಡಿಮೆಯಲ್ಲ. ಮೂವತ್ತು ಇಂಚಿನ ನಳಿಗೆಯಿದ್ದರೆ ಕೋವಿಯ ಒಟ್ಟು ಉದ್ದ ಸುಮಾರು ನಾಲ್ಕು ಅಡಿಯಾಗುತ್ತದೆ. ನಡುಮನೆಯಿಂದ ಮೆತ್ತಿನ ಏಣಿಯತ್ತ ತಿರುಗುವಾಗ ಅದರ ಮೂತಿ ಬಾಗಿಲ ಚೌಕಟ್ಟಿಗೆ ತಾಗಿಯೇ ತಾಗುತ್ತದೆ, ಮೂಲೆ ದಾಟುವಾಗ ನಮಗಿಂತ ಮೊದಲು ನಳಿಗೆ ಆಚೆಯವನ ಕೈಗೆ ಸಿಗುತ್ತದೆ. ಆದ್ದರಿಂದ ಕೋವಿ ಹಿಡಿದು ಮನೆಯೆಲ್ಲ ಹುಡುಕಾಡುವುದು ಮೂರ್ಖತನ; ಮನೆಮಂದಿಯನ್ನೆಲ್ಲ ಒಂದು ಕೋಣೆಗೆ ಸೇರಿಸಿ, ಬಾಗಿಲಿಗೆ ಅಗಳಿ ಹಾಕಿ, 112ಕ್ಕೆ ಕರೆಮಾಡಿ, ಆ ಬಾಗಿಲನ್ನಷ್ಟೇ ಕಾಯುವವನಿಗೆ ಮಾತ್ರ ಈ ಉದ್ದ ಅಡ್ಡಿಯಲ್ಲ. ಮೊಬೈಲಿಗೆ ಸಿಗ್ನಲ್ ಸಿಗದ ಕೊಳ್ಳದ ಮನೆಗಳಲ್ಲಿ ಸ್ಥಿರ ದೂರವಾಣಿಯನ್ನೋ ವೈಫೈ ಕರೆಯ ಏರ್ಪಾಟನ್ನೋ ಕೋವಿಗಿಂತ ಮೊದಲು ಮಾಡಿಕೊಳ್ಳಬೇಕು.

ಚರೆ (ತೋಟಾದೊಳಗಿನ ಬಿಡಿ ಗುಂಡುಗಳು) ಹರಡುತ್ತದೆ, ಆದ್ದರಿಂದ ಗುರಿ ಬೇಕಿಲ್ಲ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಚರೆಗಳು ಸ್ಥೂಲವಾಗಿ ಗಜಕ್ಕೆ ಒಂದು ಇಂಚಿನಷ್ಟು ಅಗಲವಾಗುತ್ತ ಹೋಗುತ್ತವೆ ಎಂದಿಟ್ಟುಕೊಂಡರೆ, ಜಗಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪುವಾಗ ಅವೆಲ್ಲ ಒಂದು ಅಂಗೈಯಗಲದಲ್ಲಿಯೇ ಇರುತ್ತವೆ. ಗುರಿ ಬೇಕೇ ಬೇಕು, ಮತ್ತು ಎದುರಿಗಿರುವುದು ಯಾರೆಂದು ಕಾಣುವಷ್ಟು ಬೆಳಕೂ ಬೇಕು. ರಾತ್ರಿ ಬಚ್ಚಲಿಗೆ ಎದ್ದುಹೋದ ಮಗ ಕತ್ತಲಲ್ಲಿ ಕಳ್ಳನಂತೆಯೇ ಕಾಣುತ್ತಾನೆ. ಹಂದಿಗೆಂದು ತಂದಿಟ್ಟ, ದಪ್ಪ ಚರೆಯ ಎಸ್‌ಜಿ ತೋಟಾದ ಒಂದೊಂದು ಚರೆಯೂ ಎಂಟು ಮಿಲಿಮೀಟರಿಗಿಂತ ದಪ್ಪ. ಚಿರೆಕಲ್ಲಿನ ಗೋಡೆ ಅದನ್ನು ತಡೆದೀತು, ಕೋಣೆಗಳ ನಡುವಿನ ಹಲಗೆಯ ಅಡ್ಡಗೋಡೆ ತಡೆಯದು. ಯಾವ ದಿಕ್ಕಿಗೆ ಯಾರು ಮಲಗುತ್ತಾರೆ ಎಂಬುದನ್ನು ಲೆಕ್ಕ ಹಾಕದೆ ತೋಟಾ ಆರಿಸಬಾರದು.

ಕಾನೂನಿನ ಮಿತಿಯೂ ಈ ಆಯ್ಕೆಗೆ ಸೇರಿದ್ದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಸೂರ್ಯಾಸ್ತದ ನಂತರ ಮನೆ ಮುರಿದು ನುಗ್ಗುವವನ ವಿರುದ್ಧ ಈ ಹಕ್ಕು ಬಹಳ ದೂರ ಹೋಗುತ್ತದೆ ನಿಜ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಅಧಿಕಾರ ಯಾರಿಗೂ ಇಲ್ಲ. ಚೀಲ ಹೊತ್ತು ಅಂಗಳ ದಾಟಿ ಓಡುತ್ತಿರುವವನ ಬೆನ್ನಿಗೆ ಈಡು ಹೊಡೆದರೆ ಜೈಲಿಗೆ ಹೋಗುವವನು ಮನೆಯ ಯಜಮಾನನೇ.

ಪಾಲನೆಯಲ್ಲಿ ಕರಾವಳಿಗೂ ಘಟ್ಟಕ್ಕೂ ಬಹಳ ವ್ಯತ್ಯಾಸವಿಲ್ಲ. ಕಾರವಾರ, ಅಂಕೋಲಾ, ಕುಮಟೆಗಳಲ್ಲಿ ಉಪ್ಪುಗಾಳಿ, ಶಿರಸಿಯಲ್ಲಿ ಬಿಡದ ಮಳೆ. ಚರ್ಮದ ಚೀಲದೊಳಗೆ ಕೋವಿಯಿಟ್ಟು ಮಳೆಗಾಲ ಕಳೆದರೆ ಚರ್ಮ ಹೀರಿಕೊಂಡ ತೇವವೆಲ್ಲ ನಳಿಗೆಯ ಮೇಲೆ ಕಂದು ಚುಕ್ಕೆಗಳಾಗಿ ಏಳುತ್ತದೆ. ಎಣ್ಣೆ ಒರೆಸಿ, ಚೀಲದಿಂದ ಹೊರಗೆ, ಬೀಗವಿರುವ ಕಬ್ಬಿಣದ ಕಪಾಟಿನಲ್ಲಿ ಇಡಬೇಕು, ತೋಟಾಗಳನ್ನು ಬೇರೆ ಬೀಗದಲ್ಲಿ. ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸಿ ಬರಬೇಕಾದ ಸಂದರ್ಭಗಳೂ ಇವೆ. ಆ ವಾರಗಳಲ್ಲಿ ಮನೆ ಕಾಯುವುದು ನಾಯಿ ಮತ್ತು ಅಗಳಿ ಮಾತ್ರ.

ಮನೆಯಲ್ಲಿ ಅಜ್ಜನ ಹೆಸರಿನ ಕೋವಿಯಿದ್ದರೆ ಹೊಸದಕ್ಕೆ ಹಣ ಹಾಕುವ ಮೊದಲು ಅದನ್ನೇ ವಿಚಾರಿಸುವುದು ಲೇಸು. ಪರವಾನಗಿದಾರರಿಗೆ ಎಪ್ಪತ್ತು ವರ್ಷ ತುಂಬಿದ್ದರೆ, ಅಥವಾ ಆಯುಧ ಇಪ್ಪತ್ತೈದು ವರ್ಷ ಅವರಲ್ಲಿದ್ದರೆ, ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಲು 2016ರ ಆಯುಧ ನಿಯಮಗಳಲ್ಲಿ ಅವಕಾಶವಿದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವುಗಳ ತೋಟಾಮನೆ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, 65 ಮಿಲಿಮೀಟರ್ ಉದ್ದದ್ದು. ಈಗ ಸಿಗುವ 70 ಮಿಲಿಮೀಟರಿನ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಆದರೆ ಸಿಡಿದಾಗ ಅದರ ಮಡಿಸಿದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಪರವಾನಗಿಯುಳ್ಳ ಕೋವಿ ರಿಪೇರಿಯವರಲ್ಲಿ ಅಳತೆ ಮಾಡಿಸಿ, ನಳಿಗೆಯ ಜೋಡಣೆ ಸಡಿಲವಾಗಿಲ್ಲವೆಂದು ಖಾತ್ರಿಪಡಿಸಿಕೊಂಡ ನಂತರವೇ ಅದಕ್ಕೆ ತೋಟಾ ತರಬೇಕು.