ರೀಬಿಲ್ಡ್ ಆದ ಎಂಜಿನ್‌ನಲ್ಲಿ ಆಯಿಲ್ ಪ್ರೆಶರ್ ಬೀಳ್ತಿದೆಯಾ? "ಸೆಟ್ ಆಗುತ್ತೆ ಬಿಡಿ" ಅನ್ನೋ ಮಾತು ನಂಬಬೇಡಿ

ಹಳೇ ಗಾಡಿ ಇಟ್ಟುಕೊಂಡು ಎಂಜಿನ್ ರೀಬಿಲ್ಡ್‌ಗೆ (ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಲು) ಕೊಡಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೊಟ್ಟು ವಾಪಸ್ ತಂದು, ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಗೇಜ್ ಮುಳ್ಳು ಕೆಳಗೆ ಕೂರುವುದನ್ನು ನೋಡುತ್ತಿರುವವರು ಎರಡು ಸಲ ಓದಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಹಿಂದೆ ಮುಂದೆ ಬರೆದಿದ್ದರೆ ಸಹಿಸಿಕೊಳ್ಳಿ.

ನನ್ನದು ಎಂಜಿಬಿ, ಬ್ರಿಟಿಷ್ ಹಳೇ ಸ್ಪೋರ್ಟ್ಸ್ ಕಾರು. 1798 ಸಿಸಿ, ಐದು ಮೇನ್ ಬೇರಿಂಗ್ (ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡವನ್ನು ಹೊರುವ ಬೇರಿಂಗ್) ಇರುವ ಎಂಜಿನ್. ಪೂರ್ತಿ ರೀಬಿಲ್ಡ್ ಮಾಡಿಸಿದೆ. ಬಿಲ್‌ನಲ್ಲಿ ಬರೆದಿದ್ದು ಹೀಗೆ: ಕ್ರ್ಯಾಂಕ್ 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಅಂಡರ್‌ಸೈಜ್‌ಗೆ ಗ್ರೈಂಡಿಂಗ್, ಹೊಸ ಮೇನ್ ಶೆಲ್ (ಬೇರಿಂಗ್‌ನ ಒಳಪದರ), ಪಿಸ್ಟನ್ ರಾಡ್ ಕ್ರ್ಯಾಂಕ್ ಹಿಡಿಯುವ ಕಡೆಗೆ ಹೊಸ ಬಿಗ್ ಎಂಡ್ ಶೆಲ್, ವಾಲ್ವ್ ತೆರೆಸುವ ಕ್ಯಾಮ್ ದಂಡಕ್ಕೆ ಹೊಸ ಬೇರಿಂಗ್ ಮತ್ತು ಅದರ ರೀಮಿಂಗ್, ಗ್ಯಾಲರಿ (ಬ್ಲಾಕ್ ಒಳಗಿನ ಆಯಿಲ್ ದಾರಿ) ಪ್ಲಗ್ ಬಿಚ್ಚಿ ಬ್ಲಾಕ್ ಹಾಟ್ ಟ್ಯಾಂಕ್ ವಾಶ್, ಹೊಸ ಆಯಿಲ್ ಪಂಪ್. ಒಂದೊಂದಕ್ಕೂ ಬೇರೆ ಬೇರೆ ದುಡ್ಡು. ಈ ಪಟ್ಟಿ ನೆನಪಿಟ್ಟುಕೊಳ್ಳಿ, ಅದರ ವಿಷಯ ಮುಂದೆ ಬರುತ್ತದೆ.

ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಆಯಿಲ್ ಪ್ರೆಶರ್ 65 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನೋಡಿ ಖುಷಿಯಾಯಿತು. ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ ಬಂದು ನಿಲ್ಲಿಸಿದರೆ, ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇರುವಾಗ) 5. ಮುಳ್ಳು ಬದುಕಿದೆಯೋ ಸತ್ತಿದೆಯೋ ಗೊತ್ತಾಗದ ಹಾಗೆ. 3000 ಆರ್‌ಪಿಎಮ್‌ಗೆ ಏರಿಸಿದರೆ 28ರ ಹತ್ತಿರ. ಈ ಎಂಜಿನ್‌ನ ಮ್ಯಾನ್ಯುಯಲ್ ಪ್ರಕಾರ ಓಡುವಾಗ 50ರಿಂದ 80, ಐಡ್ಲಿಂಗ್‌ನಲ್ಲಿ 10ರಿಂದ 25 ಇರಬೇಕು. ಮ್ಯಾನ್ಯುಯಲ್ ಬೇಡ ಅಂದರೂ, ಸಾವಿರ ಆರ್‌ಪಿಎಮ್‌ಗೆ 10 ಪಿಎಸ್‌ಐ ಅನ್ನುವ ಹಳೇ ಲೆಕ್ಕ ಎಲ್ಲರಿಗೂ ಗೊತ್ತು. ಅದಕ್ಕೂ ಮುಟ್ಟುತ್ತಿರಲಿಲ್ಲ.

ಎಂಜಿನ್ ಕಟ್ಟಿಕೊಟ್ಟವರಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ಗೇಜ್ ಸರಿಯಿಲ್ಲ ಸಾರ್." ನನ್ನ ಗಾಡಿಯಲ್ಲಿ ಎಲೆಕ್ಟ್ರಿಕ್ ಸೆಂಡರ್ ಇಲ್ಲ. ಎಂಜಿನ್‌ನಿಂದ ಗೇಜ್‌ವರೆಗೆ ಪೈಪ್ ಬರುತ್ತದೆ, ಆಯಿಲ್ ನೇರವಾಗಿ ಮುಳ್ಳನ್ನು ತಳ್ಳುತ್ತದೆ. ಆದರೂ ಅವರ ಮಾತಿಗೆ ಬೆಲೆ ಕೊಟ್ಟು, ಚೆಕ್ ಮಾಡಿದ ಬೇರೆ ಗೇಜ್ ತಂದು ಹಾಕಿದೆ. ಅದೇ 5.

ಎರಡನೇ ಉತ್ತರ: "ಹೊಸ ಎಂಜಿನ್, ಸೆಟ್ ಆಗಬೇಕು. ಓಡಿಸ್ತಾ ಓಡಿಸ್ತಾ ಪ್ರೆಶರ್ ಏರುತ್ತೆ." ಕೇಳಿ, ಇದು ಶುದ್ಧ ಸುಳ್ಳು. ರನ್ನಿಂಗ್ ಇನ್‌ನಲ್ಲಿ, ಅಂದರೆ ಹೊಸ ಎಂಜಿನ್ ಮೊದಮೊದಲು ಓಡಿಸುವಾಗ, ಪಿಸ್ಟನ್ ರಿಂಗ್ ಸೆಟ್ ಆಗುತ್ತದೆ. ಆಯಿಲ್ ಸೋರಿ ಪ್ರೆಶರ್ ಬೀಳುವುದು ಬೇರಿಂಗ್ ಗ್ಯಾಪ್‌ನಿಂದ, ಅದು ಓಡಿಸಿದಷ್ಟೂ ಜಾಸ್ತಿ ಆಗುತ್ತದೆಯೇ ಹೊರತು ಎಂದೂ ಕಡಿಮೆ ಆಗುವುದಿಲ್ಲ.

ಮೂರನೇ ಉತ್ತರ: "ದಪ್ಪ ಆಯಿಲ್ ಹಾಕಿ." ನಾನು ಹಾಕಿದ್ದು 20ಡಬ್ಲ್ಯೂ-50. ಈ ಎಂಜಿನ್‌ಗೆ ಅದೇ ಸರಿ. ಅದಕ್ಕಿಂತ ದಪ್ಪ ಹಾಕುವುದು ತೂತು ಬಿಂದಿಗೆಗೆ ನೀರಿನ ಬದಲು ಗಂಜಿ ಹೊಯ್ದ ಹಾಗೆ. ನಿಧಾನವಾಗಿ ಸೋರುತ್ತದೆ, ಅಷ್ಟೇ. ಬೆಳಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಅದು ಬೇರಿಂಗ್‌ಗೆ ತಲುಪುವುದೂ ತಡ.

ನಾಲ್ಕನೆಯದು ನನಗೆ ಇವತ್ತಿಗೂ ಉರಿಯುತ್ತದೆ. "ತಗೊಂಡು ಬನ್ನಿ, ರಿಲೀಫ್ ವಾಲ್ವ್ ಸ್ಪ್ರಿಂಗ್ ಕೆಳಗೆ ಒಂದು ವಾಶರ್ ಹಾಕಿ ಕೊಡ್ತೀವಿ." ಹಾಕಿದರು. ತಣ್ಣಗಿದ್ದಾಗ 65 ಇದ್ದದ್ದು 75 ಆಯಿತು. "ನೋಡಿ ಸಾರ್, ಎಷ್ಟು ಚೆನ್ನಾಗಿ ಬಂತು" ಅಂತ ಬೆನ್ನು ತಟ್ಟಿ ಕಳಿಸಿದರು. ಬಿಸಿಯಾದ ಮೇಲೆ ಮತ್ತೆ 5. ಯಾಕೆ ಅಂದರೆ, ರಿಲೀಫ್ ವಾಲ್ವ್ ತೆರೆಯುವುದು ಪ್ರೆಶರ್ ಮಿತಿ ಮೀರಿದಾಗ ಮಾತ್ರ. 5 ಪಿಎಸ್‌ಐನಲ್ಲಿ ಅದು ಮುಚ್ಚಿಕೊಂಡೇ ಕೂತಿರುತ್ತದೆ. ಕಸ ಸಿಕ್ಕಿಕೊಂಡು ವಾಲ್ವ್ ಅರ್ಧ ತೆರೆದು ನಿಂತಿದ್ದರೆ ಬೇರೆ ಮಾತು. ಆದರೆ ಹಾಗಾಗಿದ್ದರೆ ತಣ್ಣಗಿದ್ದಾಗ 65 ಬರುವುದಾದರೂ ಹೇಗೆ? ಎಂಜಿನ್ ಕಟ್ಟುವ ಕೆಲಸವನ್ನೇ ಮಾಡುವವರಿಗೆ ಇದು ಗೊತ್ತಿರಲ್ವಾ? ಗೊತ್ತಿತ್ತು. ತಣ್ಣಗಿರುವ ಗೇಜ್ ತೋರಿಸಿ ಕಳಿಸಿದರು.

ಈ ನಡುವೆ ಹಳೇ ಗಾಡಿ ಇರುವ ಸ್ನೇಹಿತರು ಸೇರಿದ ಕಡೆ ನನ್ನದನ್ನೂ ಒಯ್ದಿದ್ದೆ. ಎಂಜಿನ್ ಹೊಸದಾಗಿ ಕಟ್ಟಿಸಿದ್ದೇನೆ ಅಂತ ಎಲ್ಲರಿಗೂ ಹೇಳಿಕೊಂಡಿದ್ದೆ. ಒಬ್ಬರು ಒಳಗೆ ಬಗ್ಗಿ ಡ್ಯಾಶ್ ನೋಡಿ, "ನಿಮ್ಮ ಆಯಿಲ್ ಗೇಜ್ ಕೆಲಸ ಮಾಡ್ತಿಲ್ಲ ಅನ್ಸುತ್ತೆ" ಅಂದರು. ಸುತ್ತ ನಿಂತವರು ಸುಮ್ಮನಾದರು. ಎಲ್ಲರಿಗೂ ಅರ್ಥ ಆಗಿತ್ತು. ನನಗೆ ಮುಖ ಎತ್ತಲು ಆಗಲಿಲ್ಲ.

ಆಮೇಲೆ ಅವರ ಮಾತು ಕೇಳುವುದು ಬಿಟ್ಟೆ. ಎಂಜಿನ್ ಕೆಲಸ ಬಲ್ಲ ಸ್ನೇಹಿತರೊಬ್ಬರನ್ನು ಕರೆದು ಒಂದೊಂದಾಗಿ ನೋಡಿದೆವು.

ಮೊದಲು ಆಯಿಲ್ ಫಿಲ್ಟರ್ ಬಿಚ್ಚಿ ಒಳಗಿನ ಕಾಗದ ಹರಡಿದೆವು. ಬೆಳಕಿಗೆ ಹಿಡಿದರೆ ಬೆಳ್ಳಿ ಪುಡಿಯಂಥ ಮಿನುಗು. ಮ್ಯಾಗ್ನೆಟ್ ಹಿಡಿದರೆ ಅಂಟಲಿಲ್ಲ. ಕಬ್ಬಿಣವಾಗಿದ್ದರೆ ಅಂಟುತ್ತಿತ್ತು. ಅದು ಬೇರಿಂಗ್ ಲೋಹ. ಆಯಿಲ್ ಮೂಸಿ ನೋಡಿದೆವು, ಪೆಟ್ರೋಲ್ ಸೇರಿ ತೆಳ್ಳಗಾಗಿರಲಿಲ್ಲ. ಅಲ್ಲಿಗೆ ಎಂಜಿನ್ ಇಳಿಸುವುದು ಖಾಯಂ ಆಯಿತು.

ಸ್ಟ್ಯಾಂಡ್ ಮೇಲೆ ಹಾಕಿ ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ತೆಗೆದೆವು. ಪಂಪ್ ನಿಜವಾಗಿಯೂ ಹೊಸದು. ಅದರ ರೋಟರ್ ಎಂಡ್ ಫ್ಲೋಟ್ (ತುದಿಯಲ್ಲಿನ ಸಡಿಲ) 5 ಥೌ ಮೀರಬಾರದು, ಅದರೊಳಗೇ ಇತ್ತು. ಬಿಲ್‌ನಲ್ಲಿ ಪ್ರಾಮಾಣಿಕವಾಗಿ ಮಾಡಿದ್ದು ಅದೊಂದೇ ಇರಬೇಕು. ಈಗ ಅನ್ನಿಸುತ್ತದೆ, ಬೇಕಂತಲೇ ಹಾಕಿದ್ದಾರೆ ಅಂತ. ಪಂಪ್ ಕೊಡುವುದು ಹರಿವು. ಪ್ರೆಶರ್ ಹುಟ್ಟುವುದು ಆ ಹರಿವನ್ನು ಬೇರಿಂಗ್‌ಗಳು ತಡೆದಾಗ. ಆಯಿಲ್ ದಪ್ಪಗೆ ತಣ್ಣಗಿರುವಾಗ ಹೊಸ ಪಂಪ್ ಎಂಥ ಸೋರಿಕೆಯನ್ನೂ ಮುಚ್ಚಿಬಿಡುತ್ತದೆ.

ಆಮೇಲೆ ಪ್ರೆಶರ್ ತುಂಬಿದ ಆಯಿಲ್ ಟ್ಯಾಂಕನ್ನು ಗ್ಯಾಲರಿಗೆ ಜೋಡಿಸಿ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದೆವು. ಪ್ರತಿ ಬೇರಿಂಗ್‌ನಿಂದಲೂ ಹನಿ ಹನಿ ಬೀಳಬೇಕು, ಅದು ಸಹಜ. ಮೇನ್‌ಗಳಲ್ಲಿ ಹನಿಯ ಬದಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ಮೇಲೆ, ಕ್ಯಾಮ್ ಕಡೆಯಿಂದ? ಧಾರೆ. ನಲ್ಲಿ ಬಿಟ್ಟಂಥ ಧಾರೆ.

ಕ್ಯಾಮ್ ಎಳೆದೆವು. ಹೊಸ ಕ್ಯಾಮ್ ಬೇರಿಂಗ್‌ಗೆ ನಾನು ದುಡ್ಡು ಕೊಟ್ಟಿದ್ದೆನಲ್ಲ? ಒಳಗಿದ್ದದ್ದು ಹಳೆಯವು. ಕಪ್ಪಗಾಗಿ, ಗೀರುಬಿದ್ದು, ಒಂದರಲ್ಲಿ ಬಿಳಿ ಲೋಹ ಕಿತ್ತುಹೋಗಿ ಹಿಂದಿನ ಉಕ್ಕು ಕಾಣುತ್ತಿತ್ತು. ಇವನ್ನು ಬದಲಿಸುವುದು ರಗಳೆಯ ಕೆಲಸ ಹೌದು. ಹೊಸದು ಕೂರಿಸಿದ ಮೇಲೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ರೀಮ್ ಮಾಡಬೇಕು (ಒಳಗೆ ಕೊರೆದು ಅಳತೆಗೆ ತರಬೇಕು). ಆ ರೀಮಿಂಗ್‌ಗೂ ಬಿಲ್ ಹಾಕಿದ್ದರು! ಮಾಡದ ಕೆಲಸಕ್ಕೆ! ಗ್ಯಾಲರಿ ಪ್ಲಗ್ ನೋಡಿದರೆ ಅದರ ಮೇಲೆ ಹಳೇ ಬಣ್ಣ ಹಾಗೇ ಇದೆ, ಒಂದು ಗೀರೂ ಇಲ್ಲ. ಅದನ್ನು ಯಾರೂ ಮುಟ್ಟಿಲ್ಲ. ಬಿಚ್ಚಿದಾಗ ಹಿಂದೆ ಗಟ್ಟಿಯಾದ ಕೆಸರು. ಹಾಟ್ ಟ್ಯಾಂಕೂ ಸುಳ್ಳು. ಕಾಸ್ಟಿಕ್ ಬಿಸಿ ನೀರಿಗೆ ಬ್ಲಾಕ್ ಹಾಕುವುದಾದರೆ ಕ್ಯಾಮ್ ಬೇರಿಂಗ್ ಮೊದಲೇ ತೆಗೆಯುತ್ತಾರೆ, ಇಲ್ಲವಾದರೆ ಹಾಳಾಗುತ್ತವೆ. ಸ್ನೇಹಿತರು ಏನೂ ಮಾತಾಡದೆ ಫೋಟೋ ತೆಗೆಯುತ್ತಾ ಹೋದರು. ನಾನು ಬಿಲ್ ಕೈಯಲ್ಲಿ ಹಿಡಿದು ಒಂದೊಂದೇ ಸಾಲು ಓದುತ್ತಿದ್ದೆ. ಕೈ ನಡುಗುತ್ತಿತ್ತು.

ಮೇನ್ ಬೇರಿಂಗ್‌ಗೆ ಪ್ಲಾಸ್ಟಿಗೇಜ್ (ಗ್ಯಾಪ್ ಅಳೆಯುವ ಮೆತ್ತನೆ ಪ್ಲಾಸ್ಟಿಕ್ ಎಳೆ) ಇಟ್ಟು, ಟಾರ್ಕ್ ಮಾಡಿ (ಅಳತೆಗೆ ಬಿಗಿದು) ಬಿಚ್ಚಿದೆವು. ಇರಬೇಕಾದ ಗ್ಯಾಪ್ 1ರಿಂದ 2.7 ಥೌ. ನಡುವಿನ ಮೇನ್‌ನಲ್ಲಿ 4. ಶೆಲ್ ಹಿಂದೆ 020 ಅಂತಲೇ ಇದೆ, ಶೆಲ್ ತಪ್ಪಲ್ಲ. ಮೈಕ್ರೋಮೀಟರ್ ಹಿಡಿದರೆ ಕ್ರ್ಯಾಂಕನ್ನೇ ಅಳತೆ ಮೀರಿ ಉಜ್ಜಿದ್ದಾರೆ. 2 ಥೌ ಇರಬೇಕಾದ ಕಡೆ 4 ಆದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಗ್ಯಾಪ್‌ನ ಘನದ ಲೆಕ್ಕದಲ್ಲಿ ಏರುತ್ತದೆ.

ಫೋಟೋ ಎಲ್ಲ ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಕ್ಯಾಮ್ ಬೇರಿಂಗ್ ಚೆನ್ನಾಗಿತ್ತು ಸಾರ್, ಸುಮ್ನೆ ಯಾಕೆ ಬದಲಿಸೋದು ಅಂತ ಬಿಟ್ವಿ."

ಮತ್ತೆ ದುಡ್ಡು ಯಾಕೆ ತಗೊಂಡಿರಿ ಅಂದೆ.

"ಅದು ನಮ್ಮ ಬಿಲ್ ಫಾರ್ಮ್ಯಾಟ್, ಎಲ್ಲರಿಗೂ ಹಾಗೇ ಬರುತ್ತೆ."

ಕ್ರ್ಯಾಂಕ್ ಬಗ್ಗೆ ಕೇಳಿದರೆ, "ಹಳೇ ಎಂಜಿನ್‌ಗೆ ಸ್ವಲ್ಪ ಲೂಸ್ ಇದ್ರೆ ಒಳ್ಳೇದು. ಶಬ್ದ ಇರಲಿಲ್ಲ ಅಲ್ವಾ?" ಶಬ್ದ ಬರುವ ಹೊತ್ತಿಗೆ ಶೆಲ್ ಮುಗಿದಿರುತ್ತದೆ ಸ್ವಾಮಿ! ಕ್ಯಾಮ್ ಬೇರಿಂಗ್ ಅಂತೂ ಪೂರ್ತಿ ಹೋದರೂ ಎಷ್ಟೋ ಸಲ ಶಬ್ದವೇ ಬರುವುದಿಲ್ಲ.

ಕೊನೆಗೆ: "ನೀವೇ ಬಿಚ್ಚಿದ್ದೀರಿ, ಇನ್ನು ಗ್ಯಾರಂಟಿ ಇಲ್ಲ." ಆಮೇಲೆ ಫೋನ್ ಎತ್ತುತ್ತಿಲ್ಲ. ಬಿಚ್ಚದೆ ಇದ್ದರೆ ಇದು ಗೊತ್ತಾಗುತ್ತಿತ್ತಾ? ಬಿಚ್ಚಿದ್ದೇ ತಪ್ಪು ಅನ್ನುವವರಿಗೆ ಏನು ಹೇಳುವುದು.

ಎಂಜಿನ್ ಕೊಡುವ ಮೊದಲೇ ಹೇಳಿಬಿಡಿ: ಪ್ರತಿ ಜರ್ನಲ್ (ಕ್ರ್ಯಾಂಕ್‌ನಲ್ಲಿ ಬೇರಿಂಗ್ ಒಳಗೆ ತಿರುಗುವ ಭಾಗ) ಅಳತೆ, ಪ್ರತಿ ಬೇರಿಂಗ್ ಗ್ಯಾಪ್ ಬರೆದು ಕೊಡಬೇಕು ಅಂತ. ಕೊಡಲ್ಲ ಅಂದರೆ ಎದ್ದು ಬನ್ನಿ. ಬರಿಯ ಬ್ಲಾಕ್‌ನಲ್ಲಿ ಹೊಸ ಕ್ಯಾಮ್ ಬೇರಿಂಗ್ ಕೂತಿರುವ ಫೋಟೋ, ಗ್ಯಾಲರಿ ಪ್ಲಗ್ ತೆಗೆದ ಫೋಟೋ ಕೇಳಿ. ತೆಗೆದ ಹಳೇ ಬೇರಿಂಗ್‌ಗಳನ್ನು ಕೈಗೆ ಇಸಿದುಕೊಳ್ಳಿ. ವಾಪಸ್ ತರುವಾಗ ತಣ್ಣಗಿನ ಗೇಜ್ ನೋಡಿ ಸಹಿ ಹಾಕಬೇಡಿ. ಪೂರ್ತಿ ಬಿಸಿಯಾಗುವವರೆಗೆ ಅಲ್ಲೇ ನಿಂತು, ಐಡ್ಲಿಂಗ್‌ನಲ್ಲಿ ಎಷ್ಟು ಬರುತ್ತದೆ ನೋಡಿ. ಬಿಸಿಯಲ್ಲಿ ಬಿದ್ದರೆ ಗೇಜ್, ಆಯಿಲ್ ಗ್ರೇಡ್, ಫಿಲ್ಟರ್ ಒಳಗಿನ ಪುಡಿ, ಇಷ್ಟು ನೋಡಿ. ಪುಡಿ ಸಿಕ್ಕರೆ ಗಾಡಿ ಅಲ್ಲೇ ನಿಲ್ಲಿಸಿ. ಬಿಚ್ಚುವ ಮೊದಲು ಅವರಿಗೆ ಬರೆದು ತಿಳಿಸಿ, ಅವರ ಉತ್ತರ ಇಟ್ಟುಕೊಂಡು, ಮೂರನೆಯವರ ಎದುರಿಗೇ ಬಿಚ್ಚಿಸಿ. ಇಲ್ಲವಾದರೆ ಆ ಗ್ಯಾರಂಟಿ ಮಾತು ನಿಮಗೂ ಬರುತ್ತದೆ.

ನನ್ನ ಕ್ರ್ಯಾಂಕ್ ಈಗ ಬೇರೆಯವರ ಬಳಿ 30 ಥೌಗೆ ಗ್ರೈಂಡ್ ಆಗಲು ಹೋಗಿದೆ. ಈ ಸಲ ಮೊದಲು ಶೆಲ್ ತಂದು ಕೊಟ್ಟು, ಅದನ್ನು ಅಳೆದು ಅದಕ್ಕೆ ಸರಿಯಾಗಿ ಉಜ್ಜಿ ಅಂತ ಬರೆಸಿಕೊಂಡಿದ್ದೇನೆ. ಹಳೇ ಕ್ಯಾಮ್ ಬೇರಿಂಗ್‌ಗಳನ್ನು ಬಿಲ್ ಜೊತೆ ಒಂದೇ ಕವರ್‌ನಲ್ಲಿ ಹಾಕಿ ಇಟ್ಟಿದ್ದೇನೆ. ನೋಟಿಸ್ ಕಳಿಸುವಾಗ ಬೇಕಾಗುತ್ತದೆ.